ಕೊರಮೀನಿನ ಮರಿಗಳು

ಅಪ್ಪ,

ನೀನು ಎಲ್ಲಿದ್ದೀಯೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಜಿಲೇಬಿ ಮೀನು ತುಂಬಿಕೊಂಡ ಮೇಲೆ ಕೆರೆಯಲ್ಲಿ ಕೊರಮೀನು ಉಳಿದಿಲ್ಲ, ಇಲ್ಲಿದ್ದು ಏನು ಮಾಡಲಿ ಎಂದು ನೀನು ಆದೋನಿ ಬಸ್ಸು ಹತ್ತಿದೆ. ನಾನೂ ಹೂಂ ಅಂದಿದ್ದೆ.

ಇವತ್ತು ಜೊಂಡಿನ ಹತ್ತಿರ ಕೊರಮೀನಿನ ಕೆಂಪು ಮರಿಗಳ ಹಿಂಡು ಕಂಡಿತು.

"ಮರಿ ಕಾಯೋದು ಗಂಡು ಲೇ. ಹಸಿವಿಲ್ದಿದ್ರೂ ಗಾಳಕ್ಕ ಬಾಯಿ ಹಾಕ್ತೈತಿ, ಕಪ್ಪಿ ಬಿಡು," ಅಂದ ಬಜಾರಪ್ಪ ಮಾವ. ಗಾಳಕ್ಕೆ ಕಪ್ಪೆ ಸಿಕ್ಕಿಸಿ ಬಿಟ್ಟೆ. ಮೊಳದುದ್ದದ ಮೀನು ಸಿಕ್ಕಿತು. ಗಾಳ ಬಿಡಿಸುವಾಗ ಅದರ ಬಾಯಿ ಹರಿಯಿತು, ಮತ್ತೆ ನೀರಿಗೆ ಹಾಕಿದೆ.

"ಹುಚ್ಚ ಅದೀಯೇನಲೇ? ಸಾರು ಹೋತಲ್ಲ."

"ಮರಿ ಹತ್ರ ತಿರುಗಿ ಬರ್ತೈತೇನು ನೋಡ್ಬೇಕು ಮಾವ."

ಅವನು ಬೈಯುತ್ತ ಹೋದ. ನಾನು ಕೂತೆ. ಜಿಲೇಬಿ ಮೀನುಗಳು ನುಗ್ಗಿ ಮರಿಗಳನ್ನು ನುಂಗತೊಡಗಿದವು. ಆಗ ಕೆಳಗಿನಿಂದ ನೀರು ಸಿಡಿಯಿತು.

ಬಂತು. ಬಾಯಿ ಹರಿದಿದ್ದರೂ ಬಂತು. ಕೆರೆಯಲ್ಲಿ ಕೊರಮೀನು ಇದೆ, ಅಪ್ಪ.