ಬೂದನ ಕಿವಿಗೆ ಹಾಕಿದ ಮದ್ದು

ಬೇರಿಕೆ,
13-11-1946, ಬುಧವಾರ, ಕಾರ್ತಿಕ ಬಹುಳ

ಮಗಳು ವರಲಕ್ಷ್ಮಿಗೆ ನಿನ್ನ ತಾಯಿ ಕದಿರಮ್ಮ ತಲೆ ನೇವರಿಸಿ ಬರೆಯುವುದು. ನಾನೂ ನಿಮ್ಮಪ್ಪನೂ ಇದ್ದೇವೆ. ನೀನೂ ಹೊಟ್ಟೆಯೊಳಗಿನ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂತು. ತಡವಾಯಿತು, ಸಿಟ್ಟಾಗಬೇಡ. ರಾಗಿ ಕೊಯ್ಲಿನ ನೆಪ ಹೇಳಬಹುದಿತ್ತು; ಬರೆಯಲು ಕೈ ಬರಲಿಲ್ಲ, ಅಷ್ಟೇ.

'ಅಂಜಿನಮ್ಮನ ನಾಯಿಗೆ ಏನು ಮಾಡಿದೆಯಮ್ಮ, ನಿಜ ಬರಿ. ಅದು ತಿಳಿಯದೆ ಹೆರಿಗೆಗೆ ಕಳುಹಿಸುವುದಿಲ್ಲ ಅಂತಾರೆ ನಮ್ಮತ್ತೆ' ಎಂದು ಕೇಳಿದ್ದೀಯ. ನರಸಿಂಹಸ್ವಾಮಿಯ ಪಟದ ಮುಂದೆ ಕೂತು ಬರೆಯುತ್ತಿದ್ದೇನೆ. ನಿಮ್ಮತ್ತೆಗೆ ಓದಿ ಹೇಳು.

ಪಕ್ಕದ ಮನೆಯ ಆ ನಾಯಿ, ಬೂದ, ಮಳೆಗಾಲವೆಲ್ಲ ಕೆರೆಯಲ್ಲಿ ಬಿದ್ದು ಕಿವಿ ಕೆಡಿಸಿಕೊಂಡಿತು. ತಲೆ ಒದರುವುದು, ಕಿವಿಯನ್ನು ಗೋಡೆಗೆ ಉಜ್ಜುವುದು, ಹತ್ತಿರ ಬಂದರೆ ಹಳಸಿದ ಹಿಟ್ಟಿನ ನಾತ. ಅಂಜಿನಮ್ಮನನ್ನು ಕೇಳಿಯೇ ಕೈ ಹಾಕಿದೆ. ಬೇವಿನ ಸೊಪ್ಪು, ಅರಿಶಿನ ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ಹಳೇ ಪಂಚೆಯ ಚೂರು ಅದ್ದಿ ಕಿವಿಯ ಮಡಿಕೆ ಒರೆಸಿದೆ. ಒಳಗೆ ಕಡ್ಡಿ ಹಾಕಲಿಲ್ಲ. ತೇವ ಆರಿದ ಮೇಲೆ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ, ಉಗುರುಬೆಚ್ಚಗೆ, ಸಣ್ಣವಳಿದ್ದಾಗ ನಿನಗೆ ಬಿಡುತ್ತಿದ್ದ ಹಾಗೆಯೇ. ದಿನಾ ಬೆಳಗ್ಗೆ ಮಾಡಿದೆ. ಸೋರುವುದು ನಿಂತಿತು. ಆಮೇಲೆ ಅದು ನನ್ನ ಸೆರಗು ಬಿಡಲಿಲ್ಲ.

ಬಾವಿಕಟ್ಟೆಯಲ್ಲಿ ಅಂಜಿನಮ್ಮ ನಕ್ಕಳು: "ಅಲ್ಲಕ್ಕಾ, ನಮ್ಮನೆ ಹಿಟ್ಟು ತಿಂದು ನಿನ್ ಬಾಗ್ಲು ಕಾಯ್ತದಲ್ಲ ಈ ಮುಂಡೇದು!"

ನಾನೂ ನಗುತ್ತಾ ಅಂದೆ: "ಮದ್ದಿಕ್ಕಿವ್ನಿ ಕಣೇ, ಇನ್ನೆಲ್ಲಿ ಹೋದಾತು?"

ಎಲ್ಲರೂ ನಕ್ಕರು ವರಲಕ್ಷ್ಮಿ, ಎಲ್ಲರೂ. ನಮ್ಮೂರಲ್ಲಿ ಆಡುವುದು ಮೂರು ಭಾಷೆ. ಕನ್ನಡದಲ್ಲಿ ಮದ್ದು, ತೆಲುಗಿನಲ್ಲಿ ಮಂದು, ತಮಿಳಿನಲ್ಲಿ ಮರುಂದು. ವಾಸಿ ಮಾಡುವುದಕ್ಕೂ ಅದೇ ಮಾತು, ಅನ್ನದಲ್ಲಿ ಕಲಸಿ ವಶ ಮಾಡುವುದಕ್ಕೂ ಅದೇ ಮಾತು. ಒಂದು ಭಾಷೆಯಲ್ಲಾದರೂ ನನಗೆ ತಪ್ಪಿಸಿಕೊಳ್ಳಲು ಸಂದಿ ಇರಲಿಲ್ಲ.

ಅದಾದ ವಾರದಲ್ಲೇ ಅಂಜಿನಮ್ಮನ ಸೊಸೆ ನಮ್ಮಲ್ಲಿ ಕಡುಬು ತಿಂದು ಹೋದಳು. ಸಂಜೆಗೆ ವಾಂತಿ ಹತ್ತಿತು. ಈಗ ಎದ್ದು ಓಡಾಡುತ್ತಾಳೆ, ದೇವರು ದೊಡ್ಡವನು. ಆದರೆ ಮಾತು ಮಲಗಲಿಲ್ಲ. "ತಾನೇ ಬಾಯ್ಬಿಟ್ಟು ಹೇಳವ್ಳಲ್ಲಮ್ಮ, ಮದ್ದಿಕ್ಕಿವ್ನಿ ಅಂತ!" ಎಂದು ಅಂಜಿನಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಾನು ಕರ್ಪೂರ ಹಚ್ಚಿ ಆಣೆ ಇಡಲು ಹೋದೆ. "ಮದ್ದಿಕ್ಕೋರ್ಗೆ ಆಣೆ ಯಾವ ಲೆಕ್ಕ?" ಎಂದಳು. ಅದೇ ಕಡುಬನ್ನು ಎಲ್ಲರೆದುರು ತಿಂದು ತೋರಿಸಿದೆ. "ಇಕ್ಕಿದೋಳ್ಗೆ ತಗಲಲ್ಲ" ಎಂದರು. ಇನ್ನೇನು ಮಾಡಲಿ?

ನಿಮ್ಮಪ್ಪ "ಬಾಯ್ ಮುಚ್ಕೊಂಡು ಎಣ್ಣೆ ಬಿಡೋಕಾಗ್ತಿರ್ಲಿಲ್ವಾ ನಿಂಗೆ?" ಎಂದು ರೇಗುತ್ತಾರೆ. ಕಾರ್ತಿಕ ಸೋಮವಾರ ಗುಡಿಗೆ ಒಯ್ದ ಪುಳಿಯೋಗರೆಗೆ ಯಾರೂ ಕೈ ಚಾಚಲಿಲ್ಲ. ಬೂದನನ್ನು ಅಂಜಿನಮ್ಮನ ಹಿತ್ತಲಲ್ಲಿ ಕಟ್ಟಿಹಾಕಿದ್ದಾರೆ. ಕಿವಿ ಮತ್ತೆ ಸೋರುತ್ತಿದೆ, ಒರೆಸುವವರಿಲ್ಲ. ಅದು ಕುಂಯ್‌ಗುಡುವುದು ಗೋಡೆಯಾಚೆಯಿಂದ ಕೇಳಿಸುತ್ತದೆ. ಎದ್ದು ಹೋಗಲಾರೆ.

ನಿಮ್ಮತ್ತೆಯ ಮೇಲೆ ನನಗೆ ಕೋಪವಿಲ್ಲ. ಹೆರಿಗೆ ಅಲ್ಲೇ ಆಗಲಿ ಎಂದರೆ ಆಗಲಿ. ನೀನು ಭಾರ ಎತ್ತಬೇಡ, ಬಾವಿಗೆ ಹೋಗಬೇಡ. ಸ್ವಾಮಿ ನೀನು ಸುಖವಾಗಿ ಹೆತ್ತು ಎರಡಾಗುವಂತೆ ಮಾಡಲಿ, ನಿನ್ನ ಮಡಿಲು ತುಂಬಿರಲಿ.

ಇಂತಿ ನಿನ್ನ ಹಡೆದವಳು,
ಕದಿರಮ್ಮ

ಮತ್ತೆ ಬರೆದದ್ದು: ಇದನ್ನು ನಿಮ್ಮತ್ತೆಗೆ ಓದಬೇಡ. ನಿನ್ನ ಬಯಕೆಗೆಂದು ಕಳುಹಿಸಿದ್ದ ಹುರಿಟ್ಟಿನ ಉಂಡೆಗಳನ್ನು ಅಳಿಯಂದಿರು ನಿನ್ನೆ ಹಿಂದಕ್ಕೆ ತಂದಿಟ್ಟರು. ಕಟ್ಟಿದ ಬಟ್ಟೆಯ ಗಂಟು ಬಿಚ್ಚಿರಲಿಲ್ಲ. "ನಾವ್ಯಾರೂ ಏನೂ ಅನ್ಲಿಲ್ಲ ಅತ್ತೆ. ಅವ್ಳೇ ಬ್ಯಾಡ ಅಂದ್ಲು" ಎಂದು ತಲೆ ತಗ್ಗಿಸಿದರು. ಮಜ್ಜಿಗೆಯನ್ನೂ ಮುಟ್ಟದೆ ಹೊರಟರು. ಅವರು ಹೋದ ಮೇಲೆ ಗಂಟು ಬಿಚ್ಚಿ ಒಂದು ಉಂಡೆ ಬಾಯಿಗಿಟ್ಟೆ. ನುಂಗುವಾಗ ನನಗೂ ಭಯವಾಯಿತು, ಮಗಳೇ.