ತಮ್ಮಣ್ಣ ಕಾಕಾ ಫೀ ತುಂಬಲು ಬಂದರೆ

ಗುರುಪಾದ,

ಏಳರ ಬಸ್ಸಿಗೆ ಖಾನಾಪುರಕ್ಕೆ ಹೊರಟೆ. ನಿನ್ನ ಸ್ಕಾಲರ್‌ಶಿಪ್ಪಿಗೆ ಆದಾಯದ ದಾಖಲೆ ತಹಶೀಲ್ದಾರರ ಕಚೇರಿಯಿಂದ ತರಬೇಕು. ಅದು ಸಿಕ್ಕರೂ ರೊಕ್ಕ ಬರೋದು ದೀಪಾವಳಿ ಆದಮೇಲೆ. ಇಂಜಿನಿಯರಿಂಗ್ ಸೀಟು ಮಾತ್ರ ಶನಿವಾರದವರೆಗಷ್ಟೇ ಕಾಯುತ್ತದೆ.

ರೊಟ್ಟಿ ಬುಟ್ಟಿಯಲ್ಲಿವೆ. ಶೇಂಗಾ ಚಟ್ನಿ ಅವ್ವನಿಗೂ ಉಳಿಸು.

ಮಧ್ಯಾಹ್ನ ರವಿವಾರ ಪೇಟೆಯ ತಮ್ಮಣ್ಣ ಕಾಕಾ ಬರುತ್ತಾರೆ. ನಿನ್ನ ಫೀ ಪೂರಾ ತಾವೇ ತುಂಬುತ್ತಾರಂತೆ. ಬೆಲ್ಲದ ವ್ಯಾಪಾರಿ, ಮಾತೂ ಹಾಗೇ ಅಂಟುತ್ತದೆ. ನಿನ್ನೆ ನನ್ನನ್ನು ಕೂರಿಸಿಕೊಂಡು ಕೇಳಿದ್ದನ್ನು ಅವರ ಹಾಗೇ ಮೂಗಿನಲ್ಲಿ ಓದಿಕೋ: "ತಂಗೀ, ಹುಡುಗ ಚಸ್ಮಾ ಹಾಕ್ತಾನೇನವಾ? ಚಾ ಬಿಟ್ರ ಬ್ಯಾರೆ ಚಟ ಏನರ ಅದಾವೇನು? ಅಂದಂಗ, ನಿಮ್ಮ ಬೆಡಗ ಯಾವುದವಾ?"

ನಿನ್ನ ಮಾರ್ಕ್ಸ್ ಮಾತ್ರ ಕೇಳಲಿಲ್ಲ. ಫೀ ತುಂಬುವವರಿಗೆ ನಮ್ಮ ಬೆಡಗು, ಗೋತ್ರ ಯಾಕೆ ಬೇಕು? ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆ. ಇದು ವಿದ್ಯಾರ್ಥಿವೇತನವಲ್ಲ, ಅಳಿಯವೇತನ ಅಂತ ನನ್ನ ಗುಮಾನಿ. "ಅವ್ವನ್ನ ಕೇಳಿ ಹೇಳ್ತೀನ್ರಿ" ಎಂದು ಜಾರಿಕೊಂಡಿದ್ದೇನೆ.

ನೀನು ಮೊದಲು ಅವರ ಬೆಡಗು ಕೇಳು. ಹೇಳಿದ ಕೂಡಲೇ, "ಅಯ್ಯ ಕಾಕಾ, ನಮ್ದೂ ಅದ ಬೆಡಗ ರೀ! ನಿಮ್ಮ ಮಗಳು ನನಗ ತಂಗಿ ಆದಳ್ರಿ" ಅನ್ನು. ಒಂದೇ ಬೆಡಗಿನಲ್ಲಿ ಹೆಣ್ಣು ಕೊಡೋದಿಲ್ಲವಲ್ಲ. ನಗಬೇಡ ಮತ್ತೆ.

ಆಮೇಲೆ ಅವರ ಕೈ ನೋಡು. ಜೇಬಿನಿಂದ ಬರಿಗೈ ಹೊರಬಂದರೆ ಚಾ ಕುಡಿಸಿ ಕಳಿಸು. ನನ್ನ ಬಂಗಾರದ ಬಳೆ ಟ್ರಂಕಿನಲ್ಲಿವೆ, ಶನಿವಾರಕ್ಕೆ ಅವೇ ಆಗಲಿ. ರೊಕ್ಕ ಹೊರಬಂದರೆ ಎರಡು ಸಲ ಕಾಲಿಗೆ ಬೀಳು. ಒಂದು ನಿನ್ನದು, ಇನ್ನೊಂದು ಸಂಶಯಪಟ್ಟ ನನ್ನದು.

ಅಕ್ಕ