ಮುಯ್ಯಿಗೆ ಒತ್ತಿದ ಜಾಹೀರಾತು

ಕಿಕ್ಕೇರಿ,
12 ಸೆಪ್ಟೆಂಬರ್ 2024, ಗುರುವಾರ

ನಮ್ಮ ಯಜಮಾನರಾದ ದೇವರಾಜು ಅವರಿಗೆ, ನಿಮ್ಮ ರಂಜಿತ ಮಾಡುವ ನಮಸ್ಕಾರ.

ಹೇಗಿದ್ದೀರಿ? ಗೋಡೌನಿನ ಧೂಳಿಗೆ ಹಿಡಿದ ಕೆಮ್ಮು ಹೋಯಿತೇ? ಭಾನುವಾರ ಫೋನಿನಲ್ಲಿ ಏನೂ ಇಲ್ಲವೆಂದಿರಿ, ಅಷ್ಟು ಹೇಳುವುದರೊಳಗೆ ಮೂರು ಸಲ ಕೆಮ್ಮಿದಿರಿ. ಹೊಸೂರಿನಲ್ಲಿ ಕರಿಮೆಣಸು ಸಿಗುವುದಿಲ್ಲವೇ? ಕುಟ್ಟಿ ಬಿಸಿ ಹಾಲಿಗೆ ಹಾಕಿಕೊಂಡು ಕುಡಿಯಿರಿ. ಫೋನ್ ಇರುವಾಗ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ "ಇರ್ಲಿ ಬುಡು" ಅಂತೀರಿ. ಪಕ್ಕದಲ್ಲಿ ನಿಮ್ಮ ರೂಮಿನ ಐದು ಜನ ಬೇರೆ ಕಿವಿ ಕೊಟ್ಟು ಕೂತಿರುತ್ತಾರೆ. ಕಾಗದಕ್ಕಾದರೆ ಯಾರೂ ಅಡ್ಡಬಾಯಿ ಹಾಕಲಾಗುವುದಿಲ್ಲ.

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುತ್ತೇನೆ, ಊರವರ ಪಹಣಿ, ಆಧಾರು ನಕಲು ಮಾಡಿಕೊಡುತ್ತೇನೆ, ಸಂಜೆ ಮುಚ್ಚುತ್ತೇನೆ. ಒಬ್ಬಳಿಗೆ ಎಷ್ಟು ಹಿಟ್ಟು ಹಾಕಿ ಮುದ್ದೆ ತೊಳಸಬೇಕು ಅನ್ನುವ ಅಂದಾಜು ಐದು ತಿಂಗಳಾದರೂ ಕೈಗೆ ಹತ್ತಿಲ್ಲ. ಮಿಕ್ಕಿದ್ದು ಎದುರು ಮನೆ ಜಯಲಕ್ಷ್ಮಮ್ಮನ ಎಮ್ಮೆಗೆ ಹೋಗುತ್ತದೆ, ಅದು ಚೆನ್ನಾಗಿ ಮೈ ತುಂಬಿಕೊಂಡಿದೆ. ಗೌರಿ ಹಬ್ಬಕ್ಕೆ ನೀವು ಕಳಿಸಿದ ದುಡ್ಡಿನಲ್ಲಿ ಹಸಿರು ಸೀರೆ ತಂದೆ. ಉಟ್ಟು ಕನ್ನಡಿ ಮುಂದೆ ನಿಂತೆ, ಯಾರಿಗೆ ತೋರಿಸಲಿ ಅನ್ನಿಸಿ ಮಡಿಸಿ ಇಟ್ಟೆ. ಬೇಜಾರಾಗುತ್ತದೆ ರೀ, ಸುಳ್ಳು ಯಾಕೆ ಹೇಳಲಿ.

ನಿಮ್ಮ ಬಸ್ಸಿನ ವೆಬ್‌ಸೈಟನ್ನು ನಾನು ಮುಚ್ಚಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕು ತಾಲೂಕಿನ ಹಳ್ಳಿ ಬಸ್ಸುಗಳ ಟೈಮು ನೀವು ಕಷ್ಟಪಟ್ಟು ಕೂಡಿಸಿದ್ದು, ಅದನ್ನು ಹಳಸಲು ಬಿಡಲು ಮನಸ್ಸು ಬರಲಿಲ್ಲ. ಮೊದಲಾದರೆ ಪ್ರೈವೇಟ್ ಬಸ್ಸಿನ ಏಜೆಂಟ್ ಸಂತೋಷ್ ದಿನಾ ಟೈಮು ಹೇಳುತ್ತಿದ್ದ. ಈಗ ನಾನೇ ನೋಟುಬುಕ್ಕು ಹಿಡಿದು ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ, ಕಂಡಕ್ಟರುಗಳು ಚೆಕಿಂಗ್ ಮೇಡಂ ಬಂದರು ಎಂದು ನಗುತ್ತಾರೆ. ಅರಕೆರೆಯಂಥ ಹಳ್ಳಿಗೆ ಬಸ್ಸು ಹುಡುಕುವವರಿಗೆ ಸೈಟು ವಿಮಾನದ ಟಿಕೆಟಿನ ಜಾಹೀರಾತು ತೋರಿಸಿ, ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದು ನೆನಪಿದೆಯೇ? ಈಗ ಆ ಜಾಗ ಬೆಳ್ಳಗೆ ಖಾಲಿಯಾಗಿದೆ.

ಬರೆಯಬೇಕಾದದ್ದು ಇದೇ ವಿಷಯ. ಕೈ ಸುತ್ತಿ ಬಳಸಿ ಬೇರೆ ಕಡೆಗೇ ಹೋಗುತ್ತಿದೆ.

ಸಂಕ್ರಾಂತಿಯಲ್ಲಿ ನೀವೊಂದು ಮಾತು ಹೇಳಿದಿರಿ. ಜನ ಜಾಹೀರಾತು ಒತ್ತಿ ನೋಡಿದ ಲೆಕ್ಕ ಉಗಾದಿಯೊಳಗೆ ನೂರು ಡಾಲರ್ ಮುಟ್ಟಿದರೆ ಜಾಹೀರಾತು ಕಂಪನಿ ದುಡ್ಡನ್ನು ಬ್ಯಾಂಕಿಗೆ ಹಾಕುತ್ತದೆ, ಒಂದು ಸಲ ಶುರುವಾದರೆ ಊರಲ್ಲೇ ಬದುಕಬಹುದು, ಇಲ್ಲದಿದ್ದರೆ ಮೇಸ್ತ್ರಿ ಜೊತೆ ಹೊಸೂರಿಗೆ ಗೋಡೌನ್ ಕೂಲಿಗೆ ಹೋಗುತ್ತೇನೆ ಎಂದು. ಶಿವರಾತ್ರಿ ಬಂದರೂ ಅದು ಎಪ್ಪತ್ತೊಂದರಲ್ಲೇ ತೆವಳುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಏರಿತು. ತೊಂಬತ್ತು ದಾಟಿದ ದಿನ ನೀವು ಕೆ.ಆರ್.ಪೇಟೆಯಿಂದ ಮೈಸೂರ್‌ಪಾಕ್ ತಂದಿರಿ. ಮೂರೇ ದಿನಕ್ಕೆ ಕಂಪನಿಯ ಪತ್ರ ಬಂತು: ಸುಳ್ಳು ಒತ್ತುಗಳು ಕಂಡುಬಂದಿವೆ, ಖಾತೆ ಮುಚ್ಚಿದ್ದೇವೆ, ದುಡ್ಡು ಜಾಹೀರಾತು ಕೊಟ್ಟವರಿಗೆ ವಾಪಸ್ಸು. ನೀವು ಚಪ್ಪಲಿ ಕೂಡ ಹಾಕಿಕೊಳ್ಳದೆ ಸ್ಟ್ಯಾಂಡಿಗೆ ಹೋದಿರಿ. ಸಂತೋಷ್ ಯಾವಾಗಲೋ 'ಜಾಹೀರಾತು ನಾನೇ ನಾಲ್ಕು ಸಲ ಒತ್ತಲೇ' ಎಂದು ತಮಾಷೆ ಮಾಡಿದ್ದನಲ್ಲ, ಅಷ್ಟೇ ಸಾಕಾಯಿತು ನಿಮಗೆ. ಜನರೆದುರು ಅವನ ಕೆನ್ನೆಗೆ ಹೊಡೆದು, "ನನ್ನ ಅನ್ನುಕ್ಕೆ ಮಣ್ಣಾಕ್ಬುಟ್ಟಲ್ಲಲಾ" ಅಂದಿರಿ. ಅವನು ಕೆನ್ನೆ ಸವರಿಕೊಂಡು ನಿಂತಿದ್ದ. ನಾನು ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಒತ್ತಿಸಿದ್ದು ನಾನು ರೀ.

ಕಳೆದ ರಾಗಿ ಕೊಯ್ಲಿನಲ್ಲಿ ಜಯಲಕ್ಷ್ಮಮ್ಮನ ಸಂಘದ ಹೆಂಗಸರ ಹೊಲಗಳಿಗೆಲ್ಲ ನಾನು ಮುಯ್ಯಾಳಾಗಿ ಹೋಗಿದ್ದೆ. ಅವರು ಬದಲಿಗೆ ಬಂದು ದುಡಿದುಕೊಡಲು ನಮಗೋ ಹೊಲವಿಲ್ಲ. ಅವರು ಮುಯ್ಯಿ ತೀರಿಸುವುದಾದರೂ ಎಲ್ಲಿ? ಕೂಲಿ ಕೊಡಲು ಬಂದರು, ಮುಯ್ಯಾಳಿಗೆ ಕೂಲಿ ಕೊಟ್ಟರೆ ಅವಮಾನವಲ್ಲವೇ, ಬೇಡವೆಂದೆ. ಶಿವರಾತ್ರಿ ಕಳೆದ ಮೇಲೆ ನಿಮ್ಮ ಮುಖ ನೋಡಲಾರದೆ ಅವರನ್ನು ಕೇಳಿದೆ: ನಮ್ಮ ಸೈಟಿನ ಜಾಹೀರಾತನ್ನು ದಿನಾ ಅಷ್ಟಷ್ಟು ಒತ್ತಿಬಿಡಿ, ಅದೇ ಮುಯ್ಯಿ. ಜಯಲಕ್ಷ್ಮಮ್ಮ ನಕ್ಕರು. "ಕುಡ್ಲು ಇಡ್ದು ಸೊಂಟ ಬಗ್ಸಿದ್ದುಕ್ಕೆ ಬೆಟ್ಟು ಆಡ್ಸಿದ್ರೆ ತೀರೋಯ್ತದಾ? ಒತ್ತುತೀವಿ ಬುಡವ್ವ." ಬೆಳಿಗ್ಗೆ ಡೈರಿಗೆ ಹಾಲು ಹಾಕಲು ನಿಂತ ಸಾಲಿನಲ್ಲೇ ಹನ್ನೆರಡು ಹೆಂಗಸರು ಹನ್ನೆರಡು ಫೋನು ತೆಗೆದು ಒತ್ತುತ್ತಿದ್ದರು, ತಮ್ಮ ಫೋನಿಲ್ಲದವರು ಮಗನದು ಕಸಿದುಕೊಂಡು ಬರುತ್ತಿದ್ದರು. ದಿನಾ ಅದೇ ಊರು, ಅದೇ ಆರು ಗಂಟೆ. ಕಂಪನಿಯವರಿಗೆ ಗೊತ್ತಾಗದೆ ಇರುತ್ತದೆಯೇ? ನನಗೆ ಅದು ಕಳ್ಳತನ ಅಂತ ಅನ್ನಿಸಲೇ ಇಲ್ಲ. ನಿಮ್ಮನ್ನು ಊರಲ್ಲಿ ಉಳಿಸಿಕೊಳ್ಳಲು ಹೋಗಿ ನಾನೇ ಬಸ್ಸು ಹತ್ತಿಸಿದೆ.

ಆ ದಿನವೇ ಹೇಳಬೇಕಿತ್ತು. ನಿಮ್ಮ ಕೋಪ ಇಳಿಯಲಿ ಎಂದುಕೊಂಡೆ, ನೀವು ಹೊರಟೇಹೋದಿರಿ. ಹೆದರಿಕೆ ಎಂದರೂ ಸರಿ, ಹೇಡಿತನ ಎಂದರೂ ಸರಿ. ಹೋದ ಸೋಮವಾರ ತಡೆಯಲಾಗದೆ ಸಂತೋಷನ ಬಳಿ ಹೋಗಿ ಎಲ್ಲ ಹೇಳಿದೆ. ಅವನು ಬಸ್ಸಿನ ಚೀಟಿ ಬರೆಯುತ್ತಲೇ ಅಂದ: "ಆವತ್ತೇ ಗೊತ್ತಿತ್ತು ಕಣಕ್ಕ. ನಮ್ಮವ್ವನೂ ಆ ಸಾಲ್ನಲ್ಲೇ ನಿಂತು ಒತ್ತುತಿತ್ತು. ಗಂಡ ಎಂಡ್ತಿ ಮಧ್ಯುಕ್ಕೆ ನಾನ್ಯಾಕೆ ಅಂತ ಸುಮ್ಕಾದೆ." ಐದು ತಿಂಗಳು ಊರೆಲ್ಲ ಅವನನ್ನು ಗೆಳೆಯನ ಅನ್ನ ಕಿತ್ತವನು ಅಂದಿತು, ಅವನು ಒಂದು ದಿನವೂ ನನ್ನ ಹೆಸರೆತ್ತಲಿಲ್ಲ.

ಖಾತೆ ಮತ್ತೆ ಸಿಗುತ್ತದೋ ಇಲ್ಲವೋ, ನನಗೆ ಅದರ ಆಸೆ ಹೋಗಿದೆ. ನನ್ನನ್ನು ಕ್ಷಮಿಸುವುದು ನಿಮಗೆ ಬಿಟ್ಟದ್ದು. ಸಂತೋಷನಿಗೆ ಮಾತ್ರ ಇವತ್ತೇ ಒಂದು ಫೋನ್ ಮಾಡಿ, ನಿಮಗೆ ಕೈಮುಗಿಯುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ರೂಮಿನ ಅಣ್ಣಂದಿರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಈ ಕಾಗದವನ್ನು ಮಾತ್ರ ಅವರಿಗೆ ತೋರಿಸಬೇಡಿ.

ಇಂತಿ ನಿಮ್ಮವಳು,
ರಂಜಿತ

ತಾ.ಕ.: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಕೌಂಟರಿನ ಮೇಲೇ ಬರೆಯುತ್ತಿದ್ದೇನೆ. ಸೈಟಿಗೆ ಯಾವ ಊರಿನಿಂದ ಎಷ್ಟು ಜನ ಬರುತ್ತಾರೆಂದು ನೋಡುವುದನ್ನು ನೀವೇ ಕಲಿಸಿದ್ದಿರಿ. ಹೊಸೂರಿನಿಂದ ಯಾರೋ ಒಬ್ಬರು ಶನಿವಾರ ಮಧ್ಯಾಹ್ನವಾದರೆ ಸಾಕು, ನಾಗಮಂಗಲದಿಂದ ಕಿಕ್ಕೇರಿಗೆ ಬರುವ ಕಡೇ ಬಸ್ಸಿನ ಪುಟ ತೆಗೆಯುತ್ತಾರೆ. ಐದು ನಿಮಿಷ ಇದ್ದು ಹೋಗುತ್ತಾರೆ. ಒಂದು ವಾರವೂ ತಪ್ಪಿಸಿಲ್ಲ, ಒಂದು ವಾರವೂ ಊರಿಗೆ ಬಂದಿಲ್ಲ. ನಿಮಗೆ ಪರಿಚಯವಿದ್ದರೆ ತಿಳಿಸಿ: ಆ ಬಸ್ಸು ಎಂಟೂಕಾಲಿಗೆ ಇತ್ತು, ಈ ವಾರದಿಂದ ಏಳೂವರೆಗೇ ಹೊರಡುತ್ತದೆ. ಬೈಯುವುದಿದ್ದರೆ ಮನೆಗೆ ಬಂದೇ ಬೈಯಲಿ.